ಪಾಠವನ್ನು ಕಟಕಟೆ ಹತ್ತಿಸಿದ ಊರು

ಅಮೆರಿಕದ ಟೆನೆಸಿ ರಾಜ್ಯದ ಚಟನೂಗ ನಗರದಿಂದ 27ನೇ ಸಂಖ್ಯೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಸಾಗಿದರೆ ಡೇಟನ್ ಎಂಬ ಪುಟ್ಟ ಊರು ಸಿಗುತ್ತದೆ. ಜನಸಂಖ್ಯೆ ಸುಮಾರು 7 ಸಾವಿರ. ರೇ ಕೌಂಟಿಯ ಆಡಳಿತ ಕೇಂದ್ರ ಇದೇ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ಊರ ನಡುವೆ ಅಂಗಡಿ ಸಾಲಿನ ಮಾರ್ಕೆಟ್ ಸ್ಟ್ರೀಟ್. ಅಲ್ಲಿಯೇ ಹುಲ್ಲುಹಾಸಿನ ಮಧ್ಯೆ 1891ರಲ್ಲಿ ಕಟ್ಟಿದ ಮೂರಂತಸ್ತಿನ ಇಟ್ಟಿಗೆಯ ನ್ಯಾಯಾಲಯ. ನೋಡಲು ಸಾಧಾರಣವಾದ ಈ ಕಟ್ಟಡದಲ್ಲಿ 1925ರ ಜುಲೈ ತಿಂಗಳಲ್ಲಿ ವಿಜ್ಞಾನದ ಒಂದು ಪಾಠವೇ ವಿಚಾರಣೆಗೆ ಒಳಗಾಯಿತು.

ಆ ವರ್ಷದ ಮಾರ್ಚ್‌ನಲ್ಲಿ ಟೆನೆಸಿ ಸರ್ಕಾರ ಬಟ್ಲರ್ ಕಾಯಿದೆಯನ್ನು ಜಾರಿಗೆ ತಂದಿತ್ತು. ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ವಿಕಾಸಗೊಂಡನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದು ಅಪರಾಧವಾಯಿತು. ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಮುಂದೆ ಬರುವ ಅಧ್ಯಾಪಕರಿಗೆ ನೆರವಾಗುವುದಾಗಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ಸಂಸ್ಥೆ ಪ್ರಕಟಿಸಿತು.

ಕಲ್ಲಿದ್ದಲು, ಕಬ್ಬಿಣದ ಉದ್ಯಮ ಸೊರಗಿ ಡೇಟನ್ ಆಗ ಕಳೆಗುಂದಿತ್ತು. ಮೊಕದ್ದಮೆ ಇಲ್ಲಿಯೇ ನಡೆದರೆ ಊರಿಗೆ ಹೆಸರು, ಅಂಗಡಿಗಳಿಗೆ ವ್ಯಾಪಾರ ಎಂಬ ಲೆಕ್ಕಾಚಾರ ಹುಟ್ಟಿದ್ದು ರಾಬಿನ್ಸನ್ ಅವರ ಔಷಧದ ಅಂಗಡಿಯಲ್ಲಿ. ಗಣಿ ಕಂಪನಿಯ ವ್ಯವಸ್ಥಾಪಕ ಜಾರ್ಜ್ ರಾಪಲ್ಯೇ ಸಲಹೆ ಕೊಟ್ಟರು. ಟೆನಿಸ್ ಆಡುತ್ತಿದ್ದ 24 ವರ್ಷದ ಅಧ್ಯಾಪಕ ಜಾನ್ ಸ್ಕೋಪ್ಸ್‌ಗೆ ಕರೆ ಹೋಯಿತು. ತಾನು ಆ ಪಾಠ ಮಾಡಿದ್ದು ಹೌದೋ ಅಲ್ಲವೋ ಎಂಬುದೇ ಆತನಿಗೆ ಖಚಿತವಿರಲಿಲ್ಲ. ಆದರೂ ಆರೋಪಿಯಾಗಲು ಒಪ್ಪಿದ.

ಇಲ್ಲೊಂದು ವಿಪರ್ಯಾಸವಿದೆ. ಅಂಗಡಿಯ ಮಾಲೀಕರು ಕೌಂಟಿಯ ಶಾಲಾ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಪಠ್ಯಪುಸ್ತಕಗಳು ಮಾರಾಟವಾಗುತ್ತಿದ್ದುದು ಅದೇ ಅಂಗಡಿಯಲ್ಲಿ. ರಾಜ್ಯವೇ ಒಪ್ಪಿಗೆ ಕೊಟ್ಟಿದ್ದ ಜೀವಶಾಸ್ತ್ರದ ಪುಸ್ತಕದಲ್ಲಿ ವಿಕಾಸವಾದದ ವಿವರಣೆ ಇತ್ತು. ಅಂದರೆ ಸರ್ಕಾರ ಒಪ್ಪಿದ ಪುಸ್ತಕವನ್ನು ಓದಿಸಿದರೆ ಸರ್ಕಾರದ ಕಾಯಿದೆಯನ್ನೇ ಮುರಿದಂತೆ!

ಸ್ಕೋಪ್ಸ್ ಪರವಾಗಿ ಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ, ವಿರುದ್ಧವಾಗಿ ಮೂರು ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವಿಲಿಯಂ ಜೆನಿಂಗ್ಸ್ ಬ್ರಯಾನ್ ನಿಂತರು. ಷಿಕಾಗೋದ ರೇಡಿಯೋ ಕೇಂದ್ರವೊಂದು ಕಲಾಪವನ್ನು ನೇರವಾಗಿ ಬಿತ್ತರಿಸಿತು. ಸೆಕೆ ಮತ್ತು ಜನಜಂಗುಳಿ ಮಿತಿಮೀರಿ ಒಂದು ದಿನ ಕಲಾಪವನ್ನೇ ಹುಲ್ಲುಹಾಸಿಗೆ ಸ್ಥಳಾಂತರಿಸಲಾಯಿತು. ಸಾಕ್ಷಿಗಳಲ್ಲಿ 14 ವರ್ಷದ ವಿದ್ಯಾರ್ಥಿಯೊಬ್ಬನಿದ್ದ. ಆ ಪಾಠದಿಂದ ನಿನಗೇನಾದರೂ ಕೆಡುಕಾಯಿತೇ ಎಂದು ಡ್ಯಾರೋ ಕೇಳಿದಾಗ ಹುಡುಗ ಇಲ್ಲವೆಂದ.

ಆದರೆ ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿ ಕೇಳಲೇ ಇಲ್ಲ. ಪಾಠ ಮಾಡಿದ್ದು ಹೌದೇ ಅಲ್ಲವೇ ಎಂಬುದಷ್ಟೇ ಅದರ ಮುಂದಿದ್ದ ಪ್ರಶ್ನೆ. ಒಂಬತ್ತೇ ನಿಮಿಷದಲ್ಲಿ ತೀರ್ಪು ಬಂತು. ದಂಡ 100 ಡಾಲರ್. ತೀರ್ಪಿನ ಐದನೆಯ ದಿನ ಬ್ರಯಾನ್ ಡೇಟನ್ನಿನಲ್ಲಿಯೇ ತೀರಿಕೊಂಡರು. ದಂಡದ ಮೊತ್ತವನ್ನು ಜ್ಯೂರಿಯ ಬದಲು ನ್ಯಾಯಾಧೀಶರು ನಿಗದಿ ಮಾಡಿದ್ದು ತಪ್ಪೆಂದು 1927ರಲ್ಲಿ ರಾಜ್ಯದ ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಕಾಯಿದೆ ಮಾತ್ರ 1967ರವರೆಗೆ ಉಳಿಯಿತು. ಭೂವಿಜ್ಞಾನ ಓದಿ ತೈಲೋದ್ಯಮ ಸೇರಿದ್ದ ಸ್ಕೋಪ್ಸ್ ಅದು ರದ್ದಾದುದನ್ನು ಕಂಡ.

ನ್ಯಾಯಾಲಯದ ಹುಲ್ಲುಹಾಸಿನ ಮೇಲೆ ಬ್ರಯಾನ್ ಪ್ರತಿಮೆ 2005ರಲ್ಲಿ, ಡ್ಯಾರೋ ಪ್ರತಿಮೆ 2017ರಲ್ಲಿ ಬಂದವು. ಕಟ್ಟಡದ ನೆಲಮಾಳಿಗೆಯಲ್ಲಿ ಈ ಮೊಕದ್ದಮೆಯದೇ ವಸ್ತುಸಂಗ್ರಹಾಲಯವಿದೆ. ಊರಿನ ವರ್ತಕರು ಬಯಸಿದ ಹೆಸರು ಬಂತು. ಆದರೆ ಜೀವಿಗಳ ವಿಕಾಸಕ್ಕೆ ಪುರಾವೆ ಸಿಕ್ಕಿದ್ದು ಪಳೆಯುಳಿಕೆಗಳಲ್ಲಿ, ಪ್ರಯೋಗಾಲಯಗಳಲ್ಲಿ. ಪಾಠ ಮಾಡಿದವನು ತಪ್ಪಿತಸ್ಥನೆಂದು ಕಾನೂನು ಹೇಳಬಹುದು. ಪಾಠ ತಪ್ಪೆಂದು ತೋರಿಸಲು ಪುರಾವೆಯೇ ಬೇಕು.