ಅರಮನೆ ಮೈದಾನದಲ್ಲಿ ಐರನ್ ಮೇಡನ್

2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನದ ತುಂಬ ಕಪ್ಪು ಟೀ-ಶರ್ಟುಗಳು. ಬೇಸಗೆಗೆ ಒಣಗಿದ ಮಣ್ಣು ಸಾವಿರಾರು ಕಾಲುಗಳಡಿಯಿಂದ ಎದ್ದು ಆ ಕಪ್ಪಿನ ಮೇಲೆ ಕೂರುತ್ತಿದೆ. ಎಷ್ಟೋ ಎದೆಗಳ ಮೇಲೆ ಒಂದೇ ಮುಖ: ಹಲ್ಲು ಕಿರಿದ, ಚರ್ಮ ಸುಕ್ಕುಗಟ್ಟಿದ ಎಡ್ಡಿ. ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಲಾಂಛನ ಆ ವಿಕಾರರೂಪಿ. ಕ್ಯಾಸೆಟ್ಟಿನ ಹೊದಿಕೆಯಲ್ಲಿ, ಹಾಸ್ಟೆಲ್ ಗೋಡೆಯ ಪೋಸ್ಟರಿನಲ್ಲಿ ಅವನನ್ನು ನೋಡುತ್ತ ಬೆಳೆದವರು ಈಗ ತಂಡವನ್ನೇ ಕಣ್ಣಾರೆ ಕಾಣಲು ನೆರೆದಿದ್ದಾರೆ. 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಹುಟ್ಟಿದ ಮೇಡನ್ ಭಾರತದಲ್ಲಿ ನುಡಿಸುತ್ತಿರುವುದು ಇದೇ ಮೊದಲು.

ದೆಹಲಿಯ ರಾಕ್ ತಂಡ ಪರಿಕ್ರಮ ಮೊದಲು ನುಡಿಸಿ ಇಳಿದಿದೆ. ಕತ್ತಲಾಗಿದೆ. ಬೆಳಕು ಹೊತ್ತಿಕೊಂಡಾಗ ಮೇಡನ್‌ನ ಸ್ಟೀವ್ ಹ್ಯಾರಿಸ್ ವೇದಿಕೆಯಂಚಿನ ಸ್ಪೀಕರಿನ ಮೇಲೆ ಕಾಲೂರಿ, ಬೇಸ್ ಗಿಟಾರನ್ನು ಕೋವಿಯಂತೆ ಜನರತ್ತ ಹಿಡಿದು, ಪ್ರತಿ ಸಾಲಿಗೂ ತುಟಿಯಾಡಿಸುತ್ತಾರೆ. ಅವರ ಬೆರಳುಗಳಿಂದ ಹೊರಡುವುದು ಖುರಪುಟದ ಲಯ. ಅದರ ಮೇಲೆ ಒಂದರೊಳಗೊಂದು ಹೆಣೆದುಕೊಳ್ಳುವ ಮೂರು ಗಿಟಾರುಗಳು. ಹಿಂದೆ, ಡ್ರಮ್ಮುಗಳ ಕೋಟೆಯೊಳಗೆ, ನಿಕೋ ಮೆಕ್‌ಬ್ರೇನ್ ಬರಿಗಾಲಲ್ಲಿ ಪೆಡಲ್ ತುಳಿಯುತ್ತಾರೆ. 48ರ ಬ್ರೂಸ್ ಡಿಕಿನ್ಸನ್ ಓಡುತ್ತಲೇ ಹಾಡುತ್ತಾರೆ. ಉಸಿರು ಮಾತ್ರ ಕಟ್ಟುವುದಿಲ್ಲ.

ಈ ಪ್ರವಾಸ ಹೊರಟದ್ದು 2006ರ ಆಗಸ್ಟಿನಲ್ಲಿ ಬಂದ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಆಲ್ಬಂನೊಂದಿಗೆ. ಹೆಸರು ಮಾಡಿದ ತಂಡಗಳು ಹೊಸದರಿಂದ ಎರಡೋ ಮೂರೋ ಹಾಡಿ, ಉಳಿದ ಹೊತ್ತನ್ನು ಹಳೆಯ ಮೆಚ್ಚಿನ ಹಾಡುಗಳಿಗೆ ಬಿಟ್ಟುಕೊಡುವುದು ವಾಡಿಕೆ. ಮೇಡನ್ ಹಾಗೆ ಮಾಡಲಿಲ್ಲ. ಆ ಅಕ್ಟೋಬರಿನಲ್ಲಿ ಅಮೆರಿಕದಿಂದ ಶುರುವಾದ ಮೊದಲ ಸುತ್ತಿನಲ್ಲಿ ಹತ್ತಕ್ಕೆ ಹತ್ತೂ ಹಾಡುಗಳನ್ನು, 70 ನಿಮಿಷಕ್ಕೂ ಮಿಕ್ಕಿ, ಆಲ್ಬಂನ ಕ್ರಮದಲ್ಲೇ ನುಡಿಸಿತು. ಗೊಣಗಿದವರಿದ್ದರು, ತಂಡ ಬಗ್ಗಲಿಲ್ಲ. ಹೊಸ ಕೃತಿಯ ಮೇಲೆ ಇಷ್ಟು ನಂಬಿಕೆ ಯಾವ ಸಂಗೀತದಲ್ಲೂ ಅಪರೂಪ. ಆಲ್ಬಂ ತುಂಬ ಯುದ್ಧ, ಮತ, ಸಾವು. ಅಣುಬಾಂಬಿನ ಹುಟ್ಟನ್ನು ಕುರಿತ 'ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್' ಹಾಡಿನ ಹೆಸರಿಗಂತೂ ಮೂಲ ಭಗವದ್ಗೀತೆಯ ವಿಶ್ವರೂಪದ ವರ್ಣನೆ.

ಬೆಂಗಳೂರಿನ ಹೊತ್ತಿಗೆ ಹಳೆಯ ಹಾಡುಗಳು ಹೆಚ್ಚಿವೆ. 'ದಿ ಟ್ರೂಪರ್' ಬಂದಾಗ ಡಿಕಿನ್ಸನ್ ಮೈಮೇಲೆ ಕ್ರಿಮಿಯಾ ಯುದ್ಧದ ಸೈನಿಕನ ಕೆಂಪು ಕೋಟು, ಕೈಯಲ್ಲಿ ಬ್ರಿಟಿಷ್ ಬಾವುಟ. 'ಫಿಯರ್ ಆಫ್ ದಿ ಡಾರ್ಕ್'ನಲ್ಲಿ ಗಿಟಾರಿನ ಸ್ವರವನ್ನೇ ಮೈದಾನ ಪದವಿಲ್ಲದೆ ಹಾಡುತ್ತದೆ. ಎಂದೂ ಎದುರು ಕೂತು ಕೇಳದವರಿಗೆ ಅದು ಅಷ್ಟು ಬಾಯಿಪಾಠ.

ಮರುವರ್ಷ ಫೆಬ್ರುವರಿ 1ರಂದು ತಂಡ ಮುಂದಿನ ವಿಶ್ವಪ್ರವಾಸವನ್ನು ಮುಂಬೈಯಿಂದಲೇ ಆರಂಭಿಸಿತು. ಬಂದಿಳಿದ ಬೋಯಿಂಗ್ 757ರ ಪೈಲಟ್ ಸ್ವತಃ ಡಿಕಿನ್ಸನ್. 2009ರ ಫೆಬ್ರುವರಿಯಲ್ಲಿ ಅರಮನೆ ಮೈದಾನಕ್ಕೂ ಮತ್ತೊಮ್ಮೆ ಬಂದರು.