ಎದ್ದು ಬಂದವರ ಮರೆವು

ಹೃದಯಾಘಾತವೆಂಬ ಮಾತು ಮುಂಬಯಿಯ ಕನ್ನಡಿಗರಿಗೆ ಹೊಸದಲ್ಲ. ಗಲ್ಲೆಯ ಮೇಲೆ ಕುಳಿತವರು, ಭಟ್ಟಿಯ ಮುಂದೆ ನಿಂತವರು, ಲೋಕಲ್ ಗಾಡಿ ಹಿಡಿಯಲು ಸ್ಟೇಷನ್ನಿನ ಮೆಟ್ಟಿಲೇರುತ್ತಿದ್ದ ಗುಮಾಸ್ತರು, ಯಾರು ಯಾವ ಗಳಿಗೆಯಲ್ಲಿ ಕುಸಿದರೆಂಬ ವಾರ್ತೆ ನಮ್ಮ ಕಚೇರಿಗೆ ಆಗಾಗ ಬರುತ್ತಲೇ ಇರುತ್ತದೆ. ಬದುಕಿದರೆಂದರೆ ದೇವರು ದೊಡ್ಡವನು. ಹೋದರೆಂದರೆ ಶ್ರದ್ಧಾಂಜಲಿಯ ನಾಲ್ಕು ಸಾಲು. ಆದರೆ ಬದುಕಿ ಮನೆಗೆ ಮರಳಿದವರಲ್ಲಿ ಕೆಲವರ ಮನೆಯ ಕಷ್ಟ ಅಂದಿನಿಂದಲೇ ಮೊದಲಾಗುತ್ತದೆ. ಅದನ್ನು ಕುರಿತು ಬರೆದವರು ವಿರಳ.

ಮಾತು ಸರಿಯಿದೆ, ನಡಿಗೆ ಸರಿಯಿದೆ, ಊಟವೂ ಸೇರುತ್ತದೆ. ಆದರೆ ತಮ್ಮನ್ನು ಆಸ್ಪತ್ರೆಗೆ ಏಕೆ ತಂದಿರೆಂದು ಕೇಳುತ್ತಾರೆ. ಉತ್ತರ ಕೇಳಿ, ಹೌದೇ ಎಂದು ಬೆರಗಾಗುತ್ತಾರೆ. ಹತ್ತು ನಿಮಿಷ ಕಳೆದರೆ ಅದೇ ಪ್ರಶ್ನೆ. ಎಂದೋ ತೀರಿಕೊಂಡ ತಂದೆಯನ್ನು ಕರೆಯುತ್ತಾರೆ. ನಡುರಾತ್ರಿ ಎದ್ದು, ಹೋಟೆಲು ತೆರೆಯುವ ಹೊತ್ತಾಯಿತೆಂದು ಅಂಗಿ ತೊಡುತ್ತಾರೆ. ಮನೆಯವರು ಇದನ್ನು ಹುಚ್ಚೆಂದು ನೆರೆಯವರಿಂದ ಬಚ್ಚಿಡುವುದುಂಟು. ದೈವದ ಮುನಿಸೆಂದು ಊರಿಗೆ ಹರಕೆ ಹೊರುವುದೂ ಉಂಟು. ಹರಕೆ ಬೇಡವೆಂದು ನಾವು ಹೇಳುವವರಲ್ಲ. ಕಾರಣವನ್ನು ಅರಿತುಕೊಂಡು ಹೊತ್ತರೆ ಒಳ್ಳೆಯದೆಂದಷ್ಟೇ ನಮ್ಮ ಅಭಿಪ್ರಾಯ.

ಹೃದಯಾಘಾತವೂ ಹೃದಯ ಸ್ತಂಭನವೂ ಒಂದಲ್ಲ. ಹೃದಯದ ಸ್ನಾಯುವಿಗೆ ರಕ್ತವೊಯ್ಯುವ ನಾಳ ಮುಚ್ಚಿಕೊಂಡರೆ ಅದು ಆಘಾತ. ಆಗಲೂ ಹೃದಯ ಮಿಡಿಯುತ್ತಿರಬಹುದು. ಮಿಡಿತವೇ ನಿಂತರೆ, ಅಥವಾ ತಾಳತಪ್ಪಿ ಬರಿದೆ ಅದುರತೊಡಗಿದರೆ, ಅದು ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಎಡೆಮಾಡಿಕೊಡುವುದು ಸಾಮಾನ್ಯ. ಸ್ತಂಭನವಾದ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮನುಷ್ಯನ ಮಿದುಳು ತೂಕದಲ್ಲಿ ದೇಹದ ನೂರಕ್ಕೆ 2 ಪಾಲು ಮಾತ್ರ. ಆದರೆ ದೇಹ ಬಳಸುವ ಪ್ರಾಣವಾಯುವಿನಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೊಂದಕ್ಕೇ ಬೇಕು. ಅದಕ್ಕೆ ಉಗ್ರಾಣವೆಂಬುದಿಲ್ಲ, ಆ ಹೊತ್ತಿನದು ಆ ಹೊತ್ತಿಗೇ ಒದಗಬೇಕು. ನಾಲ್ಕೈದು ನಿಮಿಷ ರಕ್ತ ಹರಿಯದಿದ್ದರೆ ಅಲ್ಲಿನ ಜೀವಕೋಶಗಳು ನಾಶವಾಗತೊಡಗುತ್ತವೆ.

ಎಲ್ಲ ಕೋಶಗಳೂ ಒಮ್ಮೆಗೇ ಸಾಯುವುದಿಲ್ಲ. ಮೊದಲು ನಲುಗುವವುಗಳಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗದವು ಮುಖ್ಯ. ಮಿದುಳಿನ ಎರಡೂ ಪಕ್ಕಗಳಲ್ಲಿ ಒಳಗಡೆಗೆ ಇರುವ ಈ ಭಾಗಕ್ಕೆ, ಕರಾವಳಿಯ ನಮ್ಮ ಓದುಗರು ಬಲ್ಲ ಕಡಲಕುದುರೆಯ ಗ್ರೀಕ್ ಹೆಸರನ್ನೇ ಇಟ್ಟಿದ್ದಾರೆ, ಆಕಾರ ಹಾಗಿದೆ. ಇದರ ಕೆಲಸವನ್ನು ಗುಮಾಸ್ತರಿಗೆ ತಿಳಿಹೇಳುವುದು ಸುಲಭ. ದಿನದ ಚೀಟಿಗಳನ್ನೆಲ್ಲ ರೋಜುಕೀರ್ದಿಯಲ್ಲಿ ಬರೆದು, ಅಲ್ಲಿಂದ ಖಾತೆ ಪುಸ್ತಕಕ್ಕೆ ಏರಿಸುವವನೊಬ್ಬನಿದ್ದಾನಷ್ಟೆ? ಅವನು ಕಾಯಿಲೆ ಬಿದ್ದರೆ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳಿಗೆ ಏನೂ ಆಗದು. ಇಂದಿನ ವ್ಯಾಪಾರ ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. 1986ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಒಬ್ಬ ರೋಗಿಯ ವರದಿಯನ್ನು ಪ್ರಕಟಿಸಿದರು. 52ನೆಯ ವಯಸ್ಸಿನಲ್ಲಿ, ಹೃದಯದ ಶಸ್ತ್ರಕ್ರಿಯೆಯ ತರುವಾಯ ಮಿದುಳಿಗೆ ರಕ್ತ ಕಡಿಮೆಯಾಗಿ, ಆತನಿಗೆ ಹೊಸದೇನೂ ನೆನಪುಳಿಯದಂತಾಯಿತು. ಬುದ್ಧಿಗೆ ಬೇರೆ ಕುಂದಿರಲಿಲ್ಲ. ಐದು ವರ್ಷ ಬದುಕಿ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿದಾಗ, ಹಿಪ್ಪೊಕ್ಯಾಂಪಸ್ಸಿನ ಒಂದು ಕಿರುಪಟ್ಟಿಯಷ್ಟು ಕೋಶಗಳು ಎರಡೂ ಕಡೆ ಅಳಿದುಹೋಗಿದ್ದುದು ಕಂಡುಬಂತು. ಅಷ್ಟು ಸಣ್ಣ ಜಾಗ, ಇಷ್ಟು ದೊಡ್ಡ ನಷ್ಟ!

ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಕಡೆಯವರೆಗೂ ನಿಲ್ಲುತ್ತದೆ ಎಂದು ಫ್ರಾನ್ಸಿನ ತೆಯೊಡ್ಯೂಲ್ ರಿಬೊ 1881ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ನಮ್ಮಂಥ ವಲಸಿಗರ ಪಾಲಿಗೆ ಇದರ ಅರ್ಥ ಬೇರೆಯೇ ಆಗುತ್ತದೆ. ನಮ್ಮ ಹಳೆಯದೆಲ್ಲ ಊರಿನದು, ಹೊಸದೆಲ್ಲ ಮುಂಬಯಿಯದು. ಹದಿನೈದನೆಯ ವರ್ಷದಲ್ಲಿ ಬಸ್ಸು ಹತ್ತಿ ಬಂದವನಿಗೆ ಗದ್ದೆಯ ಹುಣಿ, ಶಾಲೆಯ ಮೇಷ್ಟರು, ಕೆರೆಯ ನೀರು ಎಲ್ಲವೂ ಕಣ್ಣ ಮುಂದಿರುತ್ತವೆ. ತಾನೇ ಸಾಲ ಮಾಡಿ ಕೊಂಡ ಡೊಂಬಿವಲಿಯ ಖೋಲಿಯನ್ನು ಕಂಡು ಇದು ಯಾರ ಮನೆ ಎನ್ನುತ್ತಾನೆ. ಗಂಡ ತನ್ನ ಗುರುತು ಹಿಡಿಯುತ್ತಾನೆ, ಆದರೆ ತನಗೆ ನರೆ ಬಂದುದೇಕೆಂದು ಕೇಳುತ್ತಾನೆ ಎಂದರೆ ಆ ಗೃಹಿಣಿ ಏನು ಉತ್ತರ ಕೊಟ್ಟಾಳು?

ನಾವು ಹೋಟೆಲು ನಡೆಸುತ್ತಿದ್ದಾಗ ಅಡುಗೆಗಿದ್ದ ಹಿರಿಯರೊಬ್ಬರಿಗೆ ಹೀಗಾಗಿತ್ತು. ಚೇತರಿಸಿಕೊಂಡು ಬಂದ ಮೇಲೆ ಸಾಂಬಾರಿನ ಅಳತೆ ಅವರ ಕೈಯಲ್ಲಿ ಹಾಗೆಯೇ ಇತ್ತು. ಉಪ್ಪು ಹಾಕಿಯಾಯಿತೋ ಇಲ್ಲವೋ ಎಂಬುದು ಮಾತ್ರ ನಿಲ್ಲುತ್ತಿರಲಿಲ್ಲ. ಜೊತೆಗಿದ್ದ ಹುಡುಗನೊಬ್ಬ, ಉಪ್ಪು ಬಿದ್ದೊಡನೆ ಡಬ್ಬಿಯ ಮುಚ್ಚಳವನ್ನು ಅಂಗಾತ ಇಡುವ ಏರ್ಪಾಡು ಮಾಡಿದ. ಮುಚ್ಚಳ ಅಂಗಾತ ಕಂಡರೆ ಅವರು ಡಬ್ಬಿ ಮುಟ್ಟುತ್ತಿರಲಿಲ್ಲ. ಕೈಯ ಕೆಲಸದ ನೆನಪು ಮಿದುಳಿನ ಬೇರೆಡೆ ಇರುತ್ತದೆಂಬುದನ್ನು ನಾವು ಆಮೇಲೆ ಓದಿ ತಿಳಿದೆವು. 1953ರ ಶಸ್ತ್ರಕ್ರಿಯೆಯಲ್ಲಿ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತನಂತೆ. ಹಿಂದಿನ ದಿನ ಅಭ್ಯಾಸ ಮಾಡಿದ್ದು ಅವನಿಗೆ ನೆನಪೇ ಇರಲಿಲ್ಲ! ಆದ್ದರಿಂದ ಮರೆವಿಗೆ ಬಿದ್ದ ಕೆಲಸಗಾರನನ್ನು ಕೈಲಾಗದವನೆಂದು ಕಳುಹಿಸಿಬಿಡುವ ಮೊದಲು ಧಣಿಗಳು ಸ್ವಲ್ಪ ಯೋಚಿಸಬೇಕು.

ಮರೆವೆಲ್ಲವೂ ಒಂದೇ ಜಾತಿಯದಲ್ಲ. ಮಂಗಳೂರಿನಲ್ಲಿ ಹೋಟೆಲು ನೌಕರರನ್ನು ಸಂಘಟಿಸಿ, ಬಳಿಕ ಮುಂಬಯಿಗೆ ಬಂದು, 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫೆರ್ನಾಂಡಿಸರನ್ನು ನಮ್ಮವರು ಮರೆಯುವಂತಿಲ್ಲ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲು ಮಾರ್ಗಕ್ಕೆ ರೈಲ್ವೆ ಮಂತ್ರಿಯಾಗಿ ಚಾಲನೆ ಕೊಟ್ಟವರೂ ಅವರೇ. ಅಂಥವರು ಕೊನೆಯ ವರ್ಷಗಳಲ್ಲಿ ಅಲ್ಜೈಮರ್ ರೋಗಕ್ಕೆ ಸಿಲುಕಿ ಎಲ್ಲವನ್ನೂ ಮರೆತು, 2019ರ ಜನವರಿ 29ರಂದು ತೀರಿಕೊಂಡರು. ಅದು ವರ್ಷ ವರ್ಷಕ್ಕೆ ಏರುವ ರೋಗ. ಹೃದಯ ಸ್ತಂಭನದ ಮರೆವು ಹಾಗಲ್ಲ. ಒಂದೇ ಏಟಿಗೆ ಬಂದು, ಆಮೇಲೆ ಇಳಿಯಬಹುದು, ನಿಂತಲ್ಲೇ ನಿಲ್ಲಬಹುದು. ಇದನ್ನು ತಿಳಿದ ಮನೆಯವರಿಗೆ ಎಷ್ಟೋ ಧೈರ್ಯ.

ಮಿದುಳಿಗೆ ರಕ್ತ ತಪ್ಪಿದರೆ ಆಗಬಹುದಾದ ಪರಮಾವಧಿಯ ಹಾನಿಯನ್ನು ಈ ನಗರ ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳಲ್ಲಿಯೇ ಕಂಡಿತು. ಉತ್ತರ ಕನ್ನಡದ ಹೊನ್ನಾವರ ತಾಲೂಕಿನ ಹಳದೀಪುರದಿಂದ ದಾದಿಯ ವೃತ್ತಿಗೆಂದು ಬಂದು, ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಆಕ್ರಮಣ ಮಾಡಿ, ನಾಯಿಯ ಸರಪಳಿಯನ್ನು ಕೊರಳಿಗೆ ಬಿಗಿದನು. ಹೃದಯ ನಿಂತುದರಿಂದಲ್ಲ, ಕೊರಳು ಬಿಗಿದುದರಿಂದ ಮಿದುಳಿಗೆ ಪ್ರಾಣವಾಯು ತಪ್ಪಿತು. ಪರಿಣಾಮ ಮಾತ್ರ ಅದೇ ಜಾತಿಯದು, ಅತ್ಯಂತ ಘೋರವಾದುದು. ಮಾತು ಹೋಯಿತು, ದೃಷ್ಟಿ ಹೋಯಿತು, ಗುರುತು ಹೋಯಿತು. ಅಂದಿನಿಂದ ಸುಮಾರು 42 ವರ್ಷ ಆಕೆ ಆ ಆಸ್ಪತ್ರೆಯಲ್ಲಿಯೇ ಉಳಿದರು.

ಆಹಾರವನ್ನು ನಿಲ್ಲಿಸಿ ಆಕೆಗೆ ಮುಕ್ತಿ ಕೊಡಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಮೂವರು ವೈದ್ಯರು ಆಕೆಯನ್ನು ಪರೀಕ್ಷಿಸಿದರು. ಮೀನಿನ ಸಾರು ಕೊಟ್ಟರೆ ಮುಖ ಅರಳುತ್ತದೆಂದು ಆಸ್ಪತ್ರೆಯವರು ನ್ಯಾಯಾಲಯಕ್ಕೆ ತಿಳಿಸಿದರು. ಕರಾವಳಿಯ ಕೂಸಲ್ಲವೇ? ನಮಗೆ ಇದನ್ನು ಓದಿದಾಗ ಮುಂದೆ ಓದಲಾಗಲಿಲ್ಲ. ಅಷ್ಟು ವರ್ಷ ಮಲಗಿದ್ದರೂ ಮೈಯಲ್ಲಿ ಒಂದು ಹಾಸಿಗೆಹುಣ್ಣು ಆಗದಂತೆ ದಾದಿಯರು ನೋಡಿಕೊಂಡುದನ್ನು ನ್ಯಾಯಾಧೀಶರು ಮೆಚ್ಚಿ ಬರೆದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ, ಚಿಕಿತ್ಸೆಯನ್ನು ಹಿಂತೆಗೆಯುವುದಕ್ಕೆ ಹೈಕೋರ್ಟಿನ ಅನುಮತಿಯೊಡನೆ ದೇಶದಲ್ಲಿ ಮೊದಲ ಬಾರಿಗೆ ದಾರಿ ತೆರೆಯಿತು. ಆದರೆ ಅರುಣಾರ ಪರವಾಗಿ ನಿರ್ಧರಿಸುವ ಹಕ್ಕು ನಿತ್ಯ ಆಕೆಯನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದೆಂದು ಹೇಳಿ, ಆ ಅರ್ಜಿಯನ್ನು ತಳ್ಳಿಹಾಕಿದರು. 2015ರ ಮೇ 18ರಂದು ಆಕೆ ನ್ಯುಮೋನಿಯಾದಿಂದ ತೀರಿಕೊಂಡರು. ಆ ದಾದಿಯರಲ್ಲಿ ಬಹುಮಂದಿ ಅರುಣಾ ಎದ್ದು ನಡೆಯುತ್ತಿದ್ದುದನ್ನು ಕಂಡವರೇ ಅಲ್ಲ.

ಇಷ್ಟು ಕಠೋರವಾದುದು ಎಲ್ಲರಿಗೂ ಒದಗುವುದಿಲ್ಲ. ಹೃದಯ ಸ್ತಂಭನದಿಂದ ಬದುಕಿ ಉಳಿದವರಲ್ಲಿ ಸುಮಾರು ಅರ್ಧ ಮಂದಿಗೆ ನೆನಪು, ಗಮನ, ಕೆಲಸವನ್ನು ಮುಂದಾಗಿ ಯೋಚಿಸುವ ಶಕ್ತಿ ಇವುಗಳಲ್ಲಿ ಯಾವುದಾದರೊಂದು ಕುಂದುತ್ತದೆ. ಬಹುಮಂದಿಯಲ್ಲಿ ಅದು ಸೌಮ್ಯವಾಗಿರುತ್ತದೆ. ಮೊದಲ ದಿನಗಳ ಗಲಿಬಿಲಿಯನ್ನು ಕಂಡು ಭವಿಷ್ಯ ಹೇಳಬಾರದು. ಪ್ರಜ್ಞೆ ಬಾರದ ರೋಗಿಯ ವಿಷಯದಲ್ಲಿ ವೈದ್ಯರೇ ಕನಿಷ್ಠ 72 ಗಂಟೆ ಕಾಯುತ್ತಾರೆ. ಪ್ರಜ್ಞೆ ಬಂದು ಬಡಬಡಿಸುವವರಲ್ಲಿ ನಿದ್ರೆಯ ಔಷಧಿ, ಸೋಂಕು, ರಕ್ತದಲ್ಲಿ ಉಪ್ಪಿನ ಅಂಶ ಇಳಿದಿರುವುದು ಮೊದಲಾದ, ಸರಿಪಡಿಸಬಹುದಾದ ಕಾರಣಗಳಿರಬಹುದು, ಕೇಳಿ ತಿಳಿಯಬೇಕು. ಕನ್ನಡಕವಿದ್ದವರಿಗೆ ಕನ್ನಡಕ ಕೊಡಿರಿ, ಕಣ್ಣಿಗೆ ಕಾಣುವಲ್ಲಿ ಗಡಿಯಾರ, ಕ್ಯಾಲೆಂಡರು ತೂಗುಹಾಕಿರಿ, ಮಾತೃಭಾಷೆಯಲ್ಲಿ ಮಾತಾಡಿಸಿರಿ. ನಿನ್ನೆ ಹೇಳಿದ್ದು ಮರೆತಿರಾ ಎಂದು ಪರೀಕ್ಷೆ ಮಾಡುವುದು ಬೇಡ. ಅವರು ಆಗದ್ದನ್ನು ಆಯಿತೆನ್ನುವುದೂ ಉಂಟು. ಅದು ಸುಳ್ಳಲ್ಲ, ಖಾಲಿ ಜಾಗವನ್ನು ಮಿದುಳು ತಾನಾಗಿ ತುಂಬಿಕೊಳ್ಳುವ ಪರಿ.

ಸುಧಾರಣೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ಆಮೇಲೂ ನಿಧಾನವಾಗಿ ಆಗಬಹುದು. ಚೀಟಿ, ನೋಟುಪುಸ್ತಕ, ದಿನವೂ ಒಂದೇ ಹೊತ್ತಿಗೆ ಒಂದೇ ಕೆಲಸ, ಇವುಗಳಿಂದ ಮರೆತವರನ್ನು ನಡೆಸಿಕೊಳ್ಳುವ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ನಮ್ಮ ದೇಶದಲ್ಲಿ ಅದರ ಮೊದಲ ಶಾಲೆಯನ್ನು ಕಮಲಾ ನಿಂಬ್ಕರ್ 1950ರಲ್ಲಿ ತೆರೆದದ್ದು ಇದೇ ಕೆ. ಇ. ಎಂ. ಆಸ್ಪತ್ರೆಯಲ್ಲಿ. ಹಾಜಿ ಅಲಿಯಲ್ಲಿ 1955ರಿಂದ ಸರಕಾರದ ಪುನರ್ವಸತಿ ಸಂಸ್ಥೆಯೊಂದಿದೆ. ಬಿಡುಗಡೆಯ ಕಾಗದದಲ್ಲಿ ಹೃದಯದ ಮಾತ್ರೆಗಳ ಪಟ್ಟಿಯಿರುತ್ತದೆ. ನೆನಪಿನ ವಿಷಯವನ್ನು ನಾವೇ ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಊರಿಗೆ ಕಳುಹಿಸುವುದು ಲೇಸೇ? ಹಳೆಯ ಮನೆಯಲ್ಲಿ ಅವರಿಗೆ ದಾರಿ ತಪ್ಪದೆಂಬುದು ನಿಜ. ಆದರೆ ಕರೆದುಕೊಂಡು ಹೋಗಿ ವೃದ್ಧೆಯಾದ ತಾಯಿಯೊಬ್ಬಳ ಕೈಗೆ ಒಪ್ಪಿಸಿ ಮರುಗಾಡಿಗೆ ಹಿಂತಿರುಗುವುದನ್ನು ನಾವು ಒಪ್ಪಲಾರೆವು. ಮಾತ್ರೆ ನುಂಗಿದ್ದು ನೆನಪಿಲ್ಲದವನು ಎರಡು ಸಲ ನುಂಗಿದರೆ ನೋಡುವವರಾರು?

ಹಣದ ಮಾತನ್ನೂ ಹೇಳಿಬಿಡೋಣ. ಇ. ಎಸ್. ಐ. ಕಾರ್ಡುಳ್ಳವರಿಗೆ, ಚಂದಾ ಸರಿಯಾಗಿ ಕಟ್ಟಿದ್ದರೆ, ವರ್ಷದಲ್ಲಿ 91 ದಿನಗಳವರೆಗೆ ವೇತನದ ನೂರಕ್ಕೆ 70ರಷ್ಟು ಅನಾರೋಗ್ಯ ಭತ್ಯ ಸಿಗುತ್ತದೆ. ಅರಿವಿಲ್ಲದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ 1872ರ ಕರಾರು ಕಾನೂನಿನಂತೆ ನಿಲ್ಲದು. ಆದ್ದರಿಂದ ಬ್ಯಾಂಕಿನ ಖಾತೆಗೆ ಹೆಂಡತಿಯ ಹೆಸರನ್ನು ಸೇರಿಸುವುದು ಆರೋಗ್ಯವಾಗಿದ್ದಾಗಲೇ ಆಗಬೇಕಾದ ಕೆಲಸ.

ಇನ್ನು ಕುಸಿದ ಗಳಿಗೆಯ ಮಾತು. ನೆನಪು ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಆ ನಾಲ್ಕೈದು ನಿಮಿಷಗಳಲ್ಲಿಯೇ ತೀರ್ಮಾನವಾಗುತ್ತದೆ. ಎದೆಯನ್ನು ಹೊರಗಿನಿಂದ ಒತ್ತಿ ರಕ್ತ ಹರಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಯವರು 1960ರಲ್ಲಿ ಪ್ರಕಟಿಸಿದರು. ಅದಕ್ಕೆ ಕೈಗಳೆರಡು ಸಾಕು. ಬಿದ್ದವನು ಕರೆದರೆ ಓಗೊಡದೆ, ಉಸಿರಾಡದೆ, ಅಥವಾ ಬರಿದೆ ಏದುಸಿರು ಬಿಡುತ್ತಿದ್ದರೆ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈಯಿಟ್ಟು, ತೋಳು ನೆಟ್ಟಗೆ ಹಿಡಿದು, 5ರಿಂದ 6 ಸೆಂಟಿಮೀಟರು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಮೇಲೇಳಲು ಬಿಡಬೇಕು. ನೀರು ಕುಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ದಣಿವಾದರೆ ಇನ್ನೊಬ್ಬರು ಮುಂದುವರಿಸಲಿ. ಪರೋಟದ ಹಿಟ್ಟು ನಾದುವ ನಮ್ಮ ಹುಡುಗರ ತೋಳಿಗೆ ಇದು ಅಸಾಧ್ಯವೇನಲ್ಲ. ಮಹಾರಾಷ್ಟ್ರದಲ್ಲಿ 2014ರಿಂದ 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸು ಉಚಿತವಾಗಿ ಬರುತ್ತದೆ. ಒಬ್ಬನು ಎದೆ ಒತ್ತುತ್ತಿರಲಿ, ಇನ್ನೊಬ್ಬನು ಕರೆ ಮಾಡಲಿ, ಮತ್ತೊಬ್ಬನು ಗಲ್ಲಿಯ ಬಾಯಿಗೆ ಹೋಗಿ ನಿಲ್ಲಲಿ. ನಮ್ಮ ಚಾಳುಗಳ ನಂಬರು ಹೊರಗಿನವರಿಗೆ ಸುಲಭಕ್ಕೆ ಸಿಕ್ಕುವುದಿಲ್ಲ.