ಡೊಳ್ಳಿಗೆ ಯಾವ ಕಪಾಟು?

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಎಂದರೆ ಹಲವರಿಗೆ ನೆನಪಾಗುವುದು ಹೆದ್ದಾರಿ ಬದಿಯ ರಾಕ್ ಗಾರ್ಡನ್. ಆದರೆ ಜಾನಪದಕ್ಕೆಂದೇ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇದೇ ಊರಿನಲ್ಲಿ. ಓದು ಬರಹ ಬಾರದವರ ಜ್ಞಾನವನ್ನೇ ಅಭ್ಯಾಸ ಮಾಡುವ ಇಂಥ ವಿದ್ಯಾಪೀಠದಲ್ಲಿ ಗ್ರಂಥಪಾಲಕರ ಕೆಲಸ ಬಲು ಪೇಚಿನದು.

ಲೋಕದ ಅದೆಷ್ಟೋ ಗ್ರಂಥಾಲಯಗಳು ನೆಚ್ಚಿಕೊಂಡಿರುವ ಡ್ಯೂಯಿ ದಶಮಾಂಶ ಪದ್ಧತಿ ಜಾನಪದಕ್ಕೆ ಕೊಟ್ಟ ಅಂಕೆ 398. ಒಗಟು 398.6ರಲ್ಲಿ, ಗಾದೆ 398.9ರಲ್ಲಿ ಸಲೀಸಾಗಿ ಕೂರುತ್ತವೆ. ಡೊಳ್ಳಿನ ಮೇಳ ಬಂತೆನ್ನಿ, ಲೆಕ್ಕ ತಪ್ಪಿತು. ವಾದ್ಯ 786ಕ್ಕೆ, ಕುಣಿತ 793ಕ್ಕೆ, ಮೇಳದವರು ಹಾಡುವ ದೇವರು ಬೀರಪ್ಪನ ಕಥೆ ಮತ್ತೆ 398ಕ್ಕೆ. ಜಾತ್ರೆಯಲ್ಲಿ ಒಂದೇ ಆಗಿದ್ದದ್ದು ಕಪಾಟಿನಲ್ಲಿ ಮೂರು ಪಾಲು. ಹೀಗೆ ಚದುರಿದ್ದನ್ನು ಮತ್ತೆ ಕೂಡಿಸುವುದು ಗ್ರಂಥಾಲಯದ ಸೂಚಿ, ಅಂದರೆ ಕ್ಯಾಟಲಾಗು.

ಸೂಚಿಗೂ ಅದರದೇ ತೊಡಕುಗಳಿವೆ. ಶಿಗ್ಗಾವಿ, ಶಿಗ್ಗಾಂವ, ಶಿಗ್ಗಾವ್ ನಮಗೆ ಒಂದೇ ಊರು, ಕಂಪ್ಯೂಟರಿಗೆ ಮೂರು. ಹಾನಗಲ್ಲನ್ನು ಶಾಸನಗಳು ಪಾನುಂಗಲ್ ಎನ್ನುತ್ತವೆ. ಈ ರೂಪಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿಡದಿದ್ದರೆ ಸಂಶೋಧಕ ಹುಡುಕಿದ್ದು ಪಕ್ಕದ ಕಪಾಟಿನಲ್ಲಿದ್ದರೂ ಸಿಗುವುದಿಲ್ಲ.

ಹಳೆಯ ಕ್ಯಾಸೆಟ್ಟುಗಳದು ಇನ್ನೊಂದು ಚಿಂತೆ. ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ, ಅದನ್ನು ನುಡಿಸುವ ಯಂತ್ರವೂ ಈಗ ಅಪರೂಪ. ಡಿಜಿಟಲ್‌ಗೆ ಇಳಿಸಿದರೆ ದನಿ ಉಳಿದೀತು. ಆದರೆ ಹಾಡಿದವರಾರು, ಯಾವ ಊರು, ಯಾವ ವರ್ಷ, ಬೀಸುವಾಗಿನ ಪದವೋ ಸೋಬಾನೆಯೋ ಎಂಬ ಚೀಟಿ ಜೊತೆಗಿಲ್ಲದಿದ್ದರೆ ಅದು ವಿಳಾಸವಿಲ್ಲದ ಕಾಗದ.

ಸಂಗ್ರಹದ ಬೆಲೆ ಈ ಸೀಮೆಗೆ ಹೊಸದಲ್ಲ. ಹಿರೇಕೆರೂರು ಭಾಗದ ಅಬಲೂರು, ಮಾಸೂರುಗಳೊಡನೆ ಹೆಸರು ಬೆಸೆದುಕೊಂಡ ಸರ್ವಜ್ಞನ ತ್ರಿಪದಿಗಳು ಜನರ ಬಾಯಲ್ಲಿ ಹರಿದಾಡುತ್ತಿದ್ದವು. ಉತ್ತಂಗಿ ಚನ್ನಪ್ಪನವರು ಅವನ್ನು ಅರಸಿ, ಕಲೆಹಾಕಿ, 1924ರಲ್ಲಿ ಪುಸ್ತಕವಾಗಿಸಿದರು. ಇಂದಿಗೂ ಸರ್ವಜ್ಞನ ಪಾಠ ಕೆದಕುವವರು ಅಲ್ಲಿಗೆ ಹೋಗಿಯೇ ಮುಂದೆ ಸಾಗಬೇಕು.

ಈಗ ಪರದೆಯ ಮೇಲೆ ಸಿಗುವುದು ಬಹಳ. ಪಿಎಚ್‌.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿ ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಅವು ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರವನ್ನು ಸೇರುತ್ತಿವೆ. 2025ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿಟ್ಟಿದೆ. ಆದರೆ ಸವಣೂರಿನ ಅಜ್ಜಿಯ ಹಾಡು ಯಾವ ಚಂದಾಕ್ಕೂ ಬರುವುದಿಲ್ಲ. ಅದನ್ನು ಇಲ್ಲಿಯವರೇ ಕೂಡಿಡಬೇಕು.

ನಿಮ್ಮ ಅಟ್ಟದ ಮೇಲೆ ಹಾಡಿನ ನೋಟುಬುಕ್ಕೋ ಹಳೆಯ ಕ್ಯಾಸೆಟ್ಟೋ ಇದ್ದರೆ ಇವತ್ತೇ ಕೆಳಗಿಳಿಸಿ. ಹಾಡಿದವರ ಹೆಸರು, ಊರು, ವರ್ಷ ಬರೆದ ಚೀಟಿಯೊಂದನ್ನು ಅದರೊಳಗಿಡಿ. ಗ್ರಂಥಾಲಯಕ್ಕೆ ಕೊಡುವ ಮಾತು ಆಮೇಲಿರಲಿ; ಮೊದಲು ಆ ಚೀಟಿ ಬರೆಯಿರಿ, ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ.